ಹನ್ನೆರಡು ಗೆರೆ, ಎರಡು ಡಬ್ಬಿ, ಒಂದು ಲೋಟ ಕಾಫಿ

ಬೆಳಗಿನ ಐದು ಗಂಟೆ. ಮಡಕಶಿರದ ಕೋಟೆಬೆಟ್ಟ ಇನ್ನೂ ಕಂಬಳಿ ಹೊದ್ದು ಮಲಗಿದೆ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಹೆಂಗಸೊಬ್ಬರು ಬಗ್ಗಿ ನಿಂತು ರಂಗೋಲಿ ಎಳೆಯುತ್ತಿದ್ದಾರೆ. ಚುಕ್ಕಿ ಇಲ್ಲ, ಬಳ್ಳಿ ಇಲ್ಲ, ನವಿಲೂ ಇಲ್ಲ. ಗಲ್ಲಿಯ ತಿರುವಿನಿಂದ ಕಾಫಿ ಅಂಗಡಿಯ ಬೆಂಚಿನವರೆಗೆ ಅಡ್ಡಡ್ಡಲಾಗಿ ಹನ್ನೆರಡು ಗೆರೆ, ಅಷ್ಟೇ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಗೇಣು. ಹೊಸಬರು ನೋಡಿದರೆ ಯಾರೋ ಏಣಿಯನ್ನು ನೆಲದ ಮೇಲೆ ಮಲಗಿಸಿ ಮರೆತುಹೋಗಿದ್ದಾರೆ ಎಂದುಕೊಳ್ಳಬೇಕು.

ಐದೂಕಾಲಿಗೆ ಹೀರೋ ಎಂಟ್ರಿ. ಹಿನ್ನೆಲೆ ಸಂಗೀತಕ್ಕೆ ಹಿಂದೂಪುರದ ಮೊದಲ ಬಸ್ಸಿನ ಎಂಜಿನ್ನು ಇದ್ದೇ ಇದೆ. ಮೂವತ್ತನಾಲ್ಕು ವರ್ಷ ಆರ್‌ಟಿಸಿ ಬಸ್ಸು ಓಡಿಸಿ ನಿವೃತ್ತರಾದ, ಎಪ್ಪತ್ತೊಂದರ ನರಸಿಂಹಪ್ಪ ತಿರುವಿನಲ್ಲಿ ಕಾಣಿಸಿಕೊಂಡು ಗಕ್ಕನೆ ನಿಲ್ಲುತ್ತಾರೆ. ಬಲಗೈ ತನ್ನ ಪಾಡಿಗೆ ನಡುಗುತ್ತಿದೆ. ಕಾಲು ಮಾತ್ರ ಅಲುಗುತ್ತಿಲ್ಲ. ಯಾರೋ ಕಿಡಿಗೇಡಿ ಚಪ್ಪಲಿಗೆ ಗೋಂದು ಬಳಿದು ನೆಲಕ್ಕೆ ಅಂಟಿಸಿದ ಹಾಗೆ.

“ರೈಟ್, ರೈಟ್!” ಅಂಗಡಿಯಿಂದ ಕೂಗು ಬರುತ್ತದೆ.

“ಇರಕ್ಕ, ಗೇರ್ ಬೀಳ್ತಿಲ್ಲ.”

“ಗೇರ್ ಬಿಡ್ರಿ ಡ್ರೈವರಣ್ಣ, ಕೆಳಗ ನೋಡ್ರಿ. ಗೆರಿ ದಾಟ್ರಿ.”

ನರಸಿಂಹಪ್ಪ ಕೆಳಗೆ ನೋಡುತ್ತಾರೆ. ರಂಗೋಲಿ ತುಳಿಯಬಾರದು ಎಂದು ಚಿಕ್ಕಂದಿನಲ್ಲಿ ಅವ್ವನಿಂದ ಬೆನ್ನಿಗೆ ಬಿದ್ದ ಏಟು ನೆನಪಾಗುತ್ತದೋ ಏನೋ, ಕಾಲು ತಾನಾಗಿ ಮೇಲೇಳುತ್ತದೆ. ಮೊದಲ ಗೆರೆ ದಾಟಿತು. ಎರಡನೆಯದು. ಮೂರನೆಯದು. ಹನ್ನೆರಡು ಮುಗಿಯುವಷ್ಟರಲ್ಲಿ ಅವರು ಬೆಂಚಿನ ಮುಂದಿದ್ದಾರೆ. “ಸ್ಲೋ ಮೋಷನ್ನಾಗೆ ನಡಿಯೋನೇ ಹೀರೋ ಕಣಕ್ಕ. ಬಿರಬಿರ ಓಡಾಡೋರೆಲ್ಲ ಹಿಂದ್ಗಡೆ ನಿಲ್ಲೋ ಗುಂಪು” ಎಂದು ಪಂಚ್ ಹೊಡೆದು ಕೂರುತ್ತಾರೆ. ಬೆಂಚಿನ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇವೆ. ತಗ್ಗಾದ ಬೆಂಚಿನಿಂದ ಎದ್ದೇಳುವುದು ಇವರಿಗೆ ಕಷ್ಟವೆಂದು ಅಂಗಡಿಯಾಕೆಯೇ ಎತ್ತರಿಸಿದ್ದು.

ಆ ಅಂಗಡಿಯಾಕೆಯ ಹೆಸರು ಅನ್ನದಾನಮ್ಮ. ವಯಸ್ಸು ಐವತ್ತೆಂಟು. ಅಂಗಡಿಗೆ ಬೋರ್ಡಿಲ್ಲ, ‘ರಾಯದುರ್ಗದಕ್ಕನ ಕಾಫಿ’ ಎಂದರೆ ಬಸ್ ನಿಲ್ದಾಣದಲ್ಲಿ ಯಾರು ಬೇಕಾದರೂ ಬೆರಳು ತೋರಿಸುತ್ತಾರೆ. ಬೆಳಗ್ಗೆ ಮೂರೂಮುಕ್ಕಾಲಿಗೆ ಏಳುವುದು. ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವುದು. ಒಂಬತ್ತು ಲೀಟರ್ ಹಾಲು, ಮುಕ್ಕಾಲು ಕಿಲೋ ಪುಡಿ, ಮಧ್ಯಾಹ್ನದ ಹೊತ್ತಿಗೆ ನೂರಾ ಅರವತ್ತು ಲೋಟ. ಮೂವತ್ತೊಂಬತ್ತು ವರ್ಷಗಳಿಂದ ಇದೇ ಚಿತ್ರ, ಇದೇ ಚಿತ್ರಮಂದಿರ, ದಿನಾ ಹೌಸ್‌ಫುಲ್. ಆದರೆ ಅವರ ದಿನದ ಮೊದಲ ಐದು ಲೋಟಗಳ ಕತೆಯೇ ಬೇರೆ. ಅವು ಪಾರ್ಕಿನ್ಸನ್ ಕಾಯಿಲೆ ಇರುವ ಐದು ಜನಕ್ಕೆ.

ಇವತ್ತು ಭಾನುವಾರ. ಅಂಗಡಿಯ ದೇವರ ಪಟದ ಹಿಂದೆ ಒಂದು ಕವರು ಇದೆ. ಅಂಟು ಹಾಕಿ, ಅಂಟಿನ ಮೇಲೆ ಮೂರು ಸಹಿ ಹಾಕಿದ ಕವರು. ಏಳು ಗಂಟೆಗೆ ಡಾಕ್ಟರ್ ಮೌನಿಕಾ ಬಂದು ಅದನ್ನು ಒಡೆಯುತ್ತಾರೆ. ಕಾಫಿಯಲ್ಲಿರುವ ಕೆಫೀನಿನಿಂದ ಈ ಐವರ ನಡಿಗೆಗೆ, ಕೈನಡುಕಕ್ಕೆ ಏನಾದರೂ ಉಪಯೋಗವಾಯಿತೇ ಎಂಬುದು ಅದರಿಂದ ತಿಳಿಯುತ್ತದೆ. ಅನ್ನದಾನಮ್ಮ ಅತ್ತ ನೋಡದ ಹಾಗೆ ನಟಿಸುತ್ತಿದ್ದಾರೆ. ನಟನೆ ತೀರಾ ಸಾಧಾರಣ. ಐದು ನಿಮಿಷಕ್ಕೊಮ್ಮೆ ಕಣ್ಣು ಪಟದ ಕಡೆಗೇ ಹೋಗುತ್ತದೆ.

“ಕಾಫಿ ಔಷಧ ಅಲ್ಲ ಅಂತ ಬಂದ್ರ ಏನ್ ಮಾಡ್ಲಿ ಹೇಳ್ರಿ?” ಎನ್ನುತ್ತಾರೆ ಲೋಟ ಒರೆಸುತ್ತಾ. “ಕಾಫಿಯಿಂದ ನಡುಕ ಕಡಿಮಿ ಆಗ್ತೈತಿ ಅಂತ ನಂಬಿ ಇವ್ರು ದಿನಾ ಮನಿ ಬಿಟ್ಟು ಬರಾಕತ್ತಾರ. ನಾಳೆಯಿಂದ ಬರ್ತಾರೇನ್ರಿ? ಒಮ್ಮೆ ಮನ್ಯಾಗ ಕುಂತ್ರ ಮುಗೀತು. ನಮ್ಮತ್ತಿ ಹಂಗ ಕುಂತಿದ್ಲು.”

ಅತ್ತೆ ಬೊಮ್ಮಕ್ಕನ ಕತೆ ಗೊತ್ತಾದರೆ ಮಾತ್ರ ಈ ಭಯ ಅರ್ಥವಾಗುತ್ತದೆ. ಹತ್ತೊಂಬತ್ತರ ಹುಡುಗಿ ಅನ್ನದಾನಮ್ಮ ರಾಯದುರ್ಗದಿಂದ ಮದುವೆಯಾಗಿ ಬಂದಾಗ ಈ ಅಂಗಡಿಯ ಒಲೆ ಬೊಮ್ಮಕ್ಕನ ಕೈಯಲ್ಲಿತ್ತು. ಸೊಸೆಯ ‘ಹೌದ್ರಿ, ಯಾಕ್ರಿ’ ಕೇಳಿ ಗಿರಾಕಿಗಳು ನಕ್ಕರೆ ಸೌಟು ತೋರಿಸಿ ಬಾಯಿ ಮುಚ್ಚಿಸುತ್ತಿದ್ದ ಗಟ್ಟಿಗಿತ್ತಿ ಅತ್ತೆ. ಕೆಲವು ವರ್ಷಗಳ ನಂತರ ಅತ್ತೆಯ ಕೈ ನಡುಗತೊಡಗಿತು. ವಯಸ್ಸಾಯಿತು ಎಂದರು, ನರದ ದೌರ್ಬಲ್ಯ ಎಂದರು, ದೃಷ್ಟಿಯಾಗಿದೆ ಎಂದವರೂ ಇದ್ದರು. ಕಾಯಿಲೆಗೊಂದು ಹೆಸರಿದೆ ಎಂದು ಯಾರೂ ಹೇಳಲಿಲ್ಲ. ಒಂದು ದಿನ ಬೀಗರ ಎದುರು ಕಾಫಿ ಚೆಲ್ಲಿ ಸೀರೆಯೆಲ್ಲ ಒದ್ದೆಯಾಯಿತು. ಯಾರೋ ಕಿಸಕ್ಕನೆ ನಕ್ಕರು. ಅಂದಿನಿಂದ ಬೊಮ್ಮಕ್ಕ ನಡುಮನೆಯಿಂದ ಹೊರಗೆ ಬರಲಿಲ್ಲ. ಒಂಬತ್ತು ವರ್ಷ.

“ಮೂವತ್ತು ವರ್ಷ ಊರಿಗೆಲ್ಲ ಕಾಫಿ ಕೊಟ್ಟಾಕಿ, ಕಡೀಗೆ ತಾನು ಕುಡಿಯೂದೇ ಬಿಟ್ಲು. ಚೆಲ್ತೈತಿ ಅಂತ ನಾಚಿಕಿ. ದೊಡ್ಡ ಲೋಟದಾಗ ಅರ್ಧ ಹಾಕಿ ಕೊಟ್ಟಿದ್ರ ಚೆಲ್ತಿರಲಿಲ್ಲ. ಅಷ್ಟು ಬುದ್ಧಿ ನಂಗ ಆಗ ಹೊಳೀಲಿಲ್ರಿ.”

ಆ ಬುದ್ಧಿ ಈಗ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತಿದೆ: ಅಗಲ ತಳದ ಐದು ದೊಡ್ಡ ಸ್ಟೀಲ್ ಲೋಟಗಳು, ಹಿಡಿಯಲು ಬಟ್ಟೆ ಸುತ್ತಿದವು. ಎಲ್ಲರಿಗೂ ಅರ್ಧ ಲೋಟವೇ. ಮೊದಲು ಬಂದವರು ನರಸಿಂಹಪ್ಪ. ಎರಡು ವರ್ಷದ ಹಿಂದೆ ಲೋಟ ಎತ್ತಲಾಗದೆ ಕೈಯನ್ನು ಜೇಬಿನಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದರು. ಅನ್ನದಾನಮ್ಮ ಏನೂ ಕೇಳದೆ ದೊಡ್ಡ ಲೋಟ ಮುಂದಿಟ್ಟರು. ಮಾರನೆಯ ದಿನ ಅವರು ಬಾಗಿಲ ಬಳಿ ಹೆಪ್ಪುಗಟ್ಟಿ ನಿಂತಾಗಲೇ ಆ ಇನ್ನೊಂದು ಸಂಗತಿ ಪತ್ತೆಯಾದದ್ದು. ಅಂದು ಶುಕ್ರವಾರ, ಬಾಗಿಲಲ್ಲಿ ದೊಡ್ಡ ರಂಗೋಲಿ. ಅದನ್ನು ಕಂಡದ್ದೇ ತಡ, ಕಾಲೆತ್ತಿ ದಾಟಿಬಿಟ್ಟರು.

“ಬರೀ ನೆಲ ಕಂಡ್ರೆ ನಿಂತೋಗ್ತೀನಿ. ಗೆರೆ ಕಂಡ್ರೆ ಬತ್ತೀನಿ. ಯಾಕೋ ಏನೋ ದ್ಯಾವ್ರಿಗೇ ಗೊತ್ತು ಅಂದೆ. ಮಾರ್ನೇ ದಿನ ಬಂದು ನೋಡ್ತೀನಿ, ನಮ್ಮಕ್ಕ ಹಾದಿ ಪೂರ್ತಿ ಗೆರೆ ಎಳ್ದವ್ಳೆ” ಎನ್ನುತ್ತಾರೆ ನರಸಿಂಹಪ್ಪ. ನೆಲದ ಮೇಲೆ ದಾಟಲು ಒಂದು ಗುರುತು ಕಂಡರೆ ಈ ಕಾಯಿಲೆಯವರಲ್ಲಿ ಹಲವರ ಕಾಲು ಸಲೀಸಾಗಿ ಏಳುತ್ತದೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯವೇ. ಅನ್ನದಾನಮ್ಮನಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಗೆರೆ ಹಿಡಿದು ಒಬ್ಬೊಬ್ಬರಾಗಿ ಬಂದರು. ಅರವತ್ತಮೂರರ ತಿಪ್ಪಮ್ಮ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯನ್ನು ಕಣ್ಣು ಮುಚ್ಚಿ ಹಿಡಿಯುತ್ತಿದ್ದ ಬೆರಳು, ಈಗ ಕುಪ್ಪಸದ ಗುಂಡಿ ಹಾಕಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ. ಗುಡಿಬಂಡೆ ಕಡೆಯ ಹಳ್ಳಿಯಿಂದ ಮೊದಲ ಆಟೋ ಹಿಡಿದು ಬರುವ ಕುರಿಗಾಹಿ ಸೂರಪ್ಪನಿಗೆ ನಡುಕ ಕಡಿಮೆ, ದನಿ ಹೋಗಿದೆ. “ನಾನು ಕೂಗಿದ್ರೆ ಹೆಂಡ್ತಿಗ್ ಕೇಳಲ್ಲ, ಅದು ಮೊದ್ಲಿಂದ್ಲೂ ಅಂಗೇ. ಈಗ ಕುರಿಗೂ ಕೇಳಲ್ಲ ತಾಯಿ” ಎಂದು ಪಿಸುಗುಟ್ಟಿ, ತಮ್ಮ ಜೋಕಿಗೆ ತಾವೇ ಮೊದಲು ನಗುತ್ತಾರೆ. ಉಳಿದಿಬ್ಬರು ಪತ್ರಿಕೆಯಲ್ಲಿ ಹೆಸರು ಬರಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಫೋಟೋ ತೆಗೆಯುವಾಗ ಮಾತ್ರ ಇಬ್ಬರೂ ತಲೆ ಬಾಚಿಕೊಂಡು ಮುಂದೆ ಬಂದರು.

ಬೆಳಗಿನ ಆಟ ಐದೂವರೆಗೆ ಶುರು. ಪ್ರತಿಯೊಬ್ಬರೂ ತುಂಬಿದ ಲೋಟವೊಂದನ್ನು ತಟ್ಟೆಯ ಮೇಲಿಟ್ಟುಕೊಂಡು ಹನ್ನೆರಡು ಗೆರೆ ದಾಟಬೇಕು. ಈ ಲೋಟದಲ್ಲಿರುವುದು ಬರೀ ನೀರು. ತಟ್ಟೆಗೆ ಚೆಲ್ಲಿದ ನೀರನ್ನು ಅನ್ನದಾನಮ್ಮ ಮಕ್ಕಳ ಸಿರಪ್ ಬಾಟಲಿಯ ಮುಚ್ಚಳಕ್ಕೆ ಸುರಿದು, ಅದರ ಗೀಟು ನೋಡಿ, ಬಾಗಿಲ ಹಲಗೆಯ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಎಲ್ಲರಿಗಿಂತ ಕಡಿಮೆ ಚೆಲ್ಲಿದವರಿಗೆ ಬಹುಮಾನ: ಆ ದಿನ ಫೋನಿನಲ್ಲಿ ಯಾವ ಸಿನಿಮಾ ಹಾಡು ಹಾಕಬೇಕೆಂದು ತೀರ್ಮಾನಿಸುವ ಅಧಿಕಾರ. ತಿಪ್ಪಮ್ಮ ಗೆದ್ದರೆ ಕನ್ನಡದ ಹಳೇ ಹಾಡು. ನರಸಿಂಹಪ್ಪ ಗೆದ್ದರೆ ತೆಲುಗಿನ ಕುಣಿತದ ಹಾಡು, ಅದೂ ಗಲ್ಲಿಯವರೆಲ್ಲ ಎದ್ದು ಕೂರುವಷ್ಟು ಜೋರಾಗಿ. ತಿಪ್ಪಮ್ಮ ಕಷ್ಟಪಟ್ಟು ಅಭ್ಯಾಸ ಮಾಡುವುದಕ್ಕೆ ಅದೊಂದು ಕಾರಣ ಸಾಕು.

ಹೀಗಿರುವಾಗ ಬಂತು ಟ್ವಿಸ್ಟು. ಕಾಫಿಯಿಂದ ಪಾರ್ಕಿನ್ಸನ್ ವಾಸಿಯಾಗುತ್ತದೆ ಎಂಬ ವಿಡಿಯೋ ಒಂದು ನರಸಿಂಹಪ್ಪನ ಫೋನಿಗೆ ಬಂದು ಬಿತ್ತು. ಮಾರನೆಯ ಬೆಳಗ್ಗೆ ಅವರು ಮಾತ್ರೆಯ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದು ಆರು ಲೋಟ ಕಾಫಿ ಕೇಳಿದರು.

“ಎರಡು ಕುಡ್ದೀರಿ. ಇನ್ನ ಇಲ್ಲ.”

“ವ್ಯಾಪಾರ ಮಾಡೋಕ್ ಕೂತಿದ್ಯಾ, ಪಂಚಾಯ್ತಿ ಮಾಡೋಕಾ? ಹಾಕಕ್ಕ!”

“ಮಾತ್ರಿ ನುಂಗಿ ಬರ್ರಿ. ಇಲ್ಲಾಂದ್ರ ಇರೂ ಎರಡೂ ಕಟ್.”

“ಕಾಫಿ ಮಾರೋಳೇ ಕಾಫಿ ಕೊಡಲ್ಲ ಅಂದ್ರೆ ಇದ್ಯಾವ ನ್ಯಾಯ?”

“ರಾಯದುರ್ಗದ ನ್ಯಾಯ. ನಡೀರಿ ಮನೀಗೆ.”

ಫೈಟ್ ಸೀನ್ ಅಷ್ಟಕ್ಕೇ ಮುಗಿಯಿತು. ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ. ಆದರೂ ಅನ್ನದಾನಮ್ಮನ ತಲೆಯಲ್ಲಿ ಹುಳ ಹೊಕ್ಕಿತ್ತು. ಆ ವಾರ ಔಷಧಿ ಅಂಗಡಿಯ ಹತ್ತಿರ ಸಿಕ್ಕಿದ ಡಾಕ್ಟರ್ ಮೌನಿಕಾರನ್ನು ಹಿಡಿದು ನಿಲ್ಲಿಸಿ ಕೇಳಿದರು. ಹತ್ತಿರದ ಹೇಮಾವತಿ ಊರಿನ ಹುಡುಗಿ ಮೌನಿಕಾ ನರರೋಗದ ವಿಷಯದಲ್ಲಿ ಮೇಲಿನ ಓದು ಓದುತ್ತಿದ್ದಾರೆ. ರಜೆಗೆ ಊರಿಗೆ ಬಂದವರು ಬಾಗಿಲ ಹಿಂದಿನ ಸೀಮೆಸುಣ್ಣದ ಲೆಕ್ಕ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ಡ್ರೈವರ್ ತಾತಾ, ಮೆದುಳಲ್ಲಿ ಡೋಪಮಿನ್ ಅಂತ ಒಂದು ರಸ ಇರುತ್ತೆ, ಅದು ಆಕ್ಸಲರೇಟರ್ ಅಂದ್ಕೊಳ್ಳಿ. ಈ ಕಾಯಿಲೇಲಿ ಅದು ಕಡಿಮೆ ಆಗುತ್ತೆ. ನಿಮ್ಮ ಮಾತ್ರೆ ಕೆಲಸ ಮಾಡೋದು ಅಲ್ಲೇ. ಅಡಿನೋಸಿನ್ ಅನ್ನೋದು ಬ್ರೇಕು. ಕೆಫೀನು ಆ ಬ್ರೇಕಿನ ಮೇಲಿರೋ ಕಾಲನ್ನ ಸ್ವಲ್ಪ ಎತ್ತುತ್ತೆ” ಎಂದು ಅವರು ವಿವರಿಸಿದ್ದು ನರಸಿಂಹಪ್ಪನಿಗೆ ಬಹಳ ಹಿಡಿಸಿತು. “ಕಾಫಿ ಕುಡಿಯೋರಿಗೆ ಈ ಕಾಯಿಲೆ ಬರೋದು ಕಡಿಮೆ ಅಂತ ಬೇಕಾದಷ್ಟು ಅಧ್ಯಯನಗಳು ಹೇಳಿವೆ. ಆದ್ರೆ ಬಂದ್ಮೇಲೆ ಉಪಯೋಗ ಆಗುತ್ತಾ? ಒಂದು ಸಣ್ಣ ಅಧ್ಯಯನ ಸ್ವಲ್ಪ ಆಗುತ್ತೆ ಅಂತು. ಆಮೇಲೆ ಅದಕ್ಕಿಂತ ದೊಡ್ಡದು, ಜಾಸ್ತಿ ದಿನ ನಡೆದಿದ್ದು, ಇಲ್ಲ ಅಂತು. ಮಾತ್ರೆ ಮಾತ್ರ ಯಾವ ಕಾರಣಕ್ಕೂ ಬಿಡಬಾರದು.”

“ನಮ್ಮ ಬೆಂಚಿನ ಮ್ಯಾಲ ಏನ್ ಹೇಳ್ತೈತಿ, ನೋಡೋಣಲ್ರಿ” ಎಂದರು ಅನ್ನದಾನಮ್ಮ.

ಹಾಗೆ ಶುರುವಾಯಿತು ಈ ಪುಟ್ಟ ಪರೀಕ್ಷೆ. ಮಾಡಬೇಕಾದ ಒಪ್ಪಿಗೆಯ ಕಾಗದಗಳೆಲ್ಲ ಮುಗಿದವು, ಬಿಪಿ ನೋಡಿದ್ದಾಯಿತು. ಎರಡು ಡಬ್ಬಿ ಬಂದವು, ಒಂದಕ್ಕೆ ಕೆಂಪು ಮುಚ್ಚಳ, ಒಂದಕ್ಕೆ ನೀಲಿ. ಒಂದರಲ್ಲಿ ಮಾಮೂಲಿ ಪುಡಿ, ಇನ್ನೊಂದರಲ್ಲಿ ಕೆಫೀನ್ ತೆಗೆದ ಪುಡಿ. ತುಂಬಿದವರು ಹಿಂದೂಪುರದ ಇನ್ನೊಬ್ಬ ವೈದ್ಯರು. ಯಾವುದರಲ್ಲಿ ಯಾವುದು ಎಂಬುದು ಮೌನಿಕಾಗೂ ಗೊತ್ತಿಲ್ಲ, ಉತ್ತರ ಆ ಕವರಿನಲ್ಲಿ. ಎರಡು ವಾರ ಕೆಂಪು, ಎರಡು ವಾರ ನೀಲಿ. ಚೆಲ್ಲಿದ ನೀರು, ಹನ್ನೆರಡು ಗೆರೆ ದಾಟಲು ಹಿಡಿದ ಸೆಕೆಂಡು, ದಿನಾ ಬರೆಯಬೇಕು. ಯಾರಿಗೂ ಗೊತ್ತಾಗಬಾರದು, ಯಾರೂ ಊಹಿಸಬಾರದು. ಇಷ್ಟೇ ಷರತ್ತು.

ಷರತ್ತು ಮುರಿದದ್ದು ಅನ್ನದಾನಮ್ಮನ ತಲೆನೋವು. ದಿನದ ಮೊದಲ ಕಾಫಿಯನ್ನು ತಾನೇ ಕುಡಿದು ರುಚಿ ನೋಡಿ, ಆಮೇಲೆ ಗಿರಾಕಿಗೆ ಕೊಡುವುದು ಬೊಮ್ಮಕ್ಕನ ಕಾಲದ ಪದ್ಧತಿ. ಅದರಂತೆ ಪರೀಕ್ಷೆಯ ಡಬ್ಬಿಯಿಂದಲೇ ತಮಗೂ ಹಾಕಿಕೊಳ್ಳುತ್ತಿದ್ದರು. ಕೆಂಪು ಮುಗಿದು ನೀಲಿ ತೆರೆದ ಎರಡನೇ ದಿನ, ಹತ್ತು ಗಂಟೆಗೆ ತಲೆ ಧಡ್ ಧಡ್. ಮೂರನೇ ದಿನವೂ ಅದೇ. ನಲವತ್ತು ವರ್ಷ ಕಾಫಿ ಕುಡಿದ ದೇಹ ಕೈ ಎತ್ತಿ ದೂರು ಕೊಟ್ಟಿತ್ತು: ಈ ಡಬ್ಬಿಯಲ್ಲಿ ಸತ್ವ ಇಲ್ಲ.

ನಾಲ್ಕನೇ ದಿನ ಅನ್ನದಾನಮ್ಮ ಅತ್ತಿತ್ತ ನೋಡಿ, ತಮ್ಮ ಸ್ವಂತ ಡಬ್ಬಿಯಿಂದ ಮೂರು ಚಮಚ ಪುಡಿ ತೆಗೆದು ನೀಲಿ ಡಬ್ಬಿಯ ಡಿಕಾಕ್ಷನ್ನಿಗೆ ಸೇರಿಸಿದರು. ಐದನೇ ದಿನವೂ. ಆರನೇ ದಿನವೂ. ಯಾವ ಖಳನಾಯಕನೂ ಇಷ್ಟು ಪ್ರೀತಿಯಿಂದ ಕಲಬೆರಕೆ ಮಾಡಿರಲಿಕ್ಕಿಲ್ಲ.

ವಾರಕ್ಕೊಮ್ಮೆ ಲೆಕ್ಕ ನೋಡಲು ಬರುವ ಮೌನಿಕಾ ಆ ಭಾನುವಾರ ತಮ್ಮ ಲೆಕ್ಕದ ಪುಸ್ತಕ ತೆರೆದು, ತಲೆನೋವು ಯಾರಿಗಾದರೂ ಇತ್ತೇ ಎಂದು ಕೇಳಿದರು. ಎರಡು ದಿನ ಇತ್ತು, ಆಮೇಲೆ ಪೂರ್ತಿ ಹೋಯಿತು ಎಂದು ಐವರೂ ಹೇಳಿದರು. ಮೌನಿಕಾ ಬರೆಯತೊಡಗಿದರು. ಅನ್ನದಾನಮ್ಮನಿಗೆ ತಡೆಯಲಾಗಲಿಲ್ಲ. ಒಲೆಯ ಮುಂದಿನಿಂದ ಎದ್ದುಬಂದು ಪುಸ್ತಕದ ಮೇಲೆ ಕೈಯಿಟ್ಟರು.

“ಬರೀಬ್ಯಾಡ್ರಿ ಡಾಕ್ಟ್ರಮ್ಮ. ಅದು ಹೋಗಿದ್ದಲ್ಲ, ನಾ ಕಳಿಸಿದ್ದು.”

ಎಲ್ಲ ಕೇಳಿಸಿಕೊಂಡು ಮೌನಿಕಾ ಪೆನ್ನಿನ ಮುಚ್ಚಳ ಹಾಕಿದರು. ಹಿಂದೆ ಹಾಲು ಉಕ್ಕಿ ಒಲೆಯ ಮೇಲೆ ಸುರಿಯಿತು. ಯಾರೂ ಅತ್ತ ತಿರುಗಲಿಲ್ಲ.

“ಯಾಕಮ್ಮಾ ಹಾಗೆ ಮಾಡಿದ್ರಿ?”

“ನಂಬಿ ಬಂದೋರಿಗೆ ಸಪ್ಪನ್ನ ಕಾಫಿ ಹ್ಯಾಂಗ್ರಿ ಕೊಡ್ಲಿ? ಕೈ ಬರಲಿಲ್ರಿ. ತಪ್ಪಾತು.”

“ನಿಮ್ಮ ಪ್ರೀತಿ ಹೆಚ್ಚಾಗಿ ನನ್ನ ಮೂರು ವಾರ ನೀರಲ್ಲಿ ಹೋಯ್ತು” ಎಂದರು ಮೌನಿಕಾ. ಸಿಟ್ಟಿನಲ್ಲೇ ಶುರುವಾದ ವಾಕ್ಯ, ಕೊನೆಗೆ ಬರುವಷ್ಟರಲ್ಲಿ ನಗುವಾಗಿತ್ತು. ಹಾಳೆಯ ಮೇಲೆ ಅಡ್ಡಗೀಟು ಹೊಡೆದರು. “ಮತ್ತೆ ಮೊದಲಿಂದ ಮಾಡೋಣ. ಬೇರೆ ಡಬ್ಬಿ, ಬೇರೆ ಕವರು. ಮುಚ್ಚಳ ಬದಲಾದ ಮೊದಲ ನಾಲ್ಕು ದಿನ ತಲೆನೋವಿನ ದಿನ, ಅದರ ಲೆಕ್ಕ ಹಿಡಿಯೋದು ಬೇಡ. ಡಬ್ಬಿ ನಿಮ್ಮ ಹತ್ರಾನೇ ಇರ್ಲಿ.”

“ಕಳ್ಳಿ ಕೈಯಾಗ ಕೀಲಿ ಕೊಡ್ತೀರೇನ್ರಿ?”

“ತಾನೇ ಬಂದು ಒಪ್ಪಿಕೊಂಡ ಕಳ್ಳಿ ಅಲ್ವಾ, ಪರ್ವಾಲೇದು.”

ಇಂಟರ್ವಲ್ ನಂತರದ ಕತೆಯಲ್ಲಿ ನಿಜವಾದ ತ್ಯಾಗ ಇದೆ. ಮತ್ತೆ ತಲೆನೋವು ಚಾಡಿ ಹೇಳಬಾರದೆಂದು ಅನ್ನದಾನಮ್ಮ ಇಪ್ಪತ್ತೆಂಟು ದಿನ ಕಾಫಿಯನ್ನೇ ಮುಟ್ಟಲಿಲ್ಲ. ಯಾವ ಡಬ್ಬಿಯದೂ. ಹಾಗಾದರೆ ಬೆಳಗ್ಗೆ ಗಂಟಲಿಗೆ ಏನು? ಗಲ್ಲಿಯ ಎದುರುಬದಿಯಲ್ಲಿ ಈಶ್ವರನ ಟೀ ಅಂಗಡಿ. ಹದಿನಾರು ವರ್ಷದಿಂದ ಎದುರಾಬದುರು ವ್ಯಾಪಾರ, ಹದಿನಾರು ವರ್ಷದಿಂದ ಒಬ್ಬರನ್ನೊಬ್ಬರು ಕಿಚಾಯಿಸುವ ಕೆಲಸ. ಮೊದಲ ದಿನ ಅನ್ನದಾನಮ್ಮ ಸೆರಗು ಹೊದ್ದು ಅಲ್ಲಿಗೆ ಹೋದಾಗ ಈಶ್ವರ ಕುರ್ಚಿಯನ್ನು ಟವೆಲಿನಿಂದ ಒರೆಸಿ, ಬಾಗಿ ನಮಸ್ಕಾರ ಮಾಡಿದನಂತೆ.

“ಏನ್ ಬೇಕು ಮೇಡಂ? ಟೀ? ಸರಿಯಾಗ್ ಕೇಳಿಸ್ಲಿಲ್ಲ, ಸ್ವಲ್ಪ ಗಟ್ಟಿಯಾಗ್ ಯೋಳಿ, ಬಸ್ ಸ್ಟ್ಯಾಂಡ್‌ಗೆಲ್ಲ ಕೇಳ್ಳಿ.”

“ಟೀ ಕೊಡೋ ಭಾಡ್ಯಾ.”

“ಈ ದಿನಕ್ಕೋಸ್ಕರ ಹದ್ನಾರು ವರ್ಷ ಕಾದಿದ್ದೆ ಕಣಕ್ಕ!”

ಟೀ ಹೇಗಿತ್ತು ಎಂದರೆ ಅನ್ನದಾನಮ್ಮ ಮುಖ ಕಿವುಚುತ್ತಾರೆ. “ಬಿಸಿ ಇತ್ರಿ. ಅಷ್ಟೇ ಹೇಳ್ತೀನಿ.”

ಈಗ ಏಳು ಗಂಟೆ. ಮೌನಿಕಾ ಸ್ಕೂಟರ್ ನಿಲ್ಲಿಸುತ್ತಿದ್ದಾರೆ. ಐವರೂ ಬೆಂಚಿನ ಮೇಲೆ ಫಲಿತಾಂಶಕ್ಕೆ ಕಾದ ಹತ್ತನೇ ಕ್ಲಾಸಿನವರ ಹಾಗೆ ಕೂತಿದ್ದಾರೆ. ಕವರು ಒಡೆಯುತ್ತದೆ. ಮೌನಿಕಾ ಚೀಟಿ ಓದಿ, ಪುಸ್ತಕದ ಲೆಕ್ಕದೊಂದಿಗೆ ಹೊಂದಿಸಿ, ಎರಡು ಸಲ ಕೂಡಿ ನೋಡುತ್ತಾರೆ.

“ಕೆಫೀನ್ ಇದ್ದ ಡಬ್ಬೀಲಿ ಒಬ್ಬೊಬ್ಬರೂ ದಿನಕ್ಕೆ ಸರಾಸರಿ ಆರು ಮಿಲಿ ಚೆಲ್ಲಿದ್ದೀರಿ. ಇಲ್ಲದ ಡಬ್ಬೀಲಿ ಆರೂವರೆ. ನಡಿಗೆ ಟೈಮೂ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಅಂದ್ರೆ, ವ್ಯತ್ಯಾಸ ಇಲ್ಲ.”

ಅನ್ನದಾನಮ್ಮ ಒಲೆಯ ಉರಿ ಸಣ್ಣ ಮಾಡುತ್ತಾರೆ, ಸಣ್ಣದಾಗಿಯೇ ಇತ್ತು.

“ಅಂಗಾರೆ ಕಾಫಿ ಔಷ್ದಿ ಅಲ್ವಾ?” ತಿಪ್ಪಮ್ಮ ಕೇಳುತ್ತಾರೆ.

“ಐದು ಜನರ ಲೆಕ್ಕದಿಂದ ಏನನ್ನೂ ಖಡಾಖಂಡಿತ ಹೇಳೋಕಾಗಲ್ಲ. ಆದ್ರೆ ದೊಡ್ಡ ಅಧ್ಯಯನ ಹೇಳಿದ್ದೂ ಇದೇ. ಈ ಕಾಯಿಲೆಗೆ ಕಾಫೀನ ಔಷಧಿ ಅಂತ ನಾನು ಕೊಡಲ್ಲ. ಇಷ್ಟಾದ್ರೆ ಎರಡು ಲೋಟ ಕುಡೀರಿ, ಮಧ್ಯಾಹ್ನದ ಮೇಲೆ ಬೇಡ.” ಮೌನಿಕಾ ಹಲಗೆಯ ಹಿಂದಿನ ಹಳೆಯ ಅಂಕಿಗಳಿಗೆ ಬೆರಳಿಡುತ್ತಾರೆ. “ಆದ್ರೆ ಇದನ್ನ ನೋಡಿ. ಈ ಆಟ ಶುರುವಾದ ವಾರ ಇಪ್ಪತ್ತೆರಡು ಮಿಲಿ ಚೆಲ್ತಿದ್ರಿ. ಡ್ರೈವರ್ ತಾತನಿಗೆ ಹನ್ನೆರಡು ಗೆರೆಗೆ ನಲವತ್ತೆಂಟು ಸೆಕೆಂಡ್ ಬೇಕಿತ್ತು, ಈಗ ಹತ್ತೊಂಬತ್ತು. ಡಬ್ಬಿ ಯಾವುದಾದ್ರೂ ಹತ್ತೊಂಬತ್ತೇ. ಹೊತ್ತಿಗೆ ಸರಿಯಾಗಿ ಮಾತ್ರೆ, ದಿನಾ ನಡಿಗೆ, ಈ ಗೆರೆಗಳು, ಇದ್ರಲ್ಲಿ ಯಾವ್ದು ಎಷ್ಟು ಕೆಲಸ ಮಾಡ್ತೋ ಇನ್ನೂ ಗೊತ್ತಿಲ್ಲ. ಅದನ್ನ ಅಳೆಯೋದು ನನ್ನ ಮುಂದಿನ ಕೆಲಸ.”

ಸೂರಪ್ಪನಿಗೆ ಆಟೋ ಬಂತು. ಒಬ್ಬೊಬ್ಬರಾಗಿ ಎದ್ದರು. ‘ನಾಳೆ ಬತ್ತೀನಿ’ ಎಂದು ದಿನಾ ಹೇಳುತ್ತಿದ್ದ ನರಸಿಂಹಪ್ಪ ಇವತ್ತು ಹೇಳಲಿಲ್ಲ. ಅನ್ನದಾನಮ್ಮ ಅದನ್ನು ಗಮನಿಸಿದರು. ಇಪ್ಪತ್ತೆಂಟು ದಿನದ ನಂತರ ತಮಗೊಂದು ಲೋಟ ಕಾಫಿ ಹಾಕಿಕೊಂಡು ಕೂತರು. ನಿಮಗೇನು ಆಸೆ ಇದೆ ಎಂದು ಕೇಳಿದರೆ ಗಲ್ಲಿಯ ಗೆರೆಗಳತ್ತ ಕೈ ತೋರಿಸಿದರು.

“ದೊಡ್ಡ ಆಸಿ ಏನಿಲ್ರಿ. ರಂಗೋಲಿ ಗೆರಿ ಒಂದು ಆಟೋ ಹೋದ್ರ ಅಳಿಸಿ ಹೋಗ್ತೈತಿ. ಯಾರಾರ ಬಿಳಿ ಬಣ್ಣದಾಗ ಗಟ್ಟಿ ಗೆರಿ ಹಾಕಿ ಕೊಟ್ರ, ನಾ ಇಲ್ಲದ ದಿನಾನೂ ಇವ್ರು ನಡೀತಾರ. ಆದ್ರ ಇನ್ನ ಬರ್ತಾರೋ ಇಲ್ಲೋ.”

ಸೋಮವಾರ, ಬೆಳಗಿನ ಐದು ಗಂಟೆ. ಹನ್ನೆರಡು ಗೆರೆ ಬಿದ್ದಾಗಿದೆ. ಐದು ದೊಡ್ಡ ಲೋಟ ತೊಳೆದು ಬೋರಲು ಹಾಕಿದೆ. ಐದೂಕಾಲಾಯಿತು, ತಿರುವಿನಲ್ಲಿ ಯಾರೂ ಇಲ್ಲ. ಹಿಂದೂಪುರದ ಬಸ್ಸು ಹೋಯಿತು. ಪಾವಗಡದ ಬಸ್ಸೂ ಹೋಯಿತು. ಅನ್ನದಾನಮ್ಮ ಹೊರಗೆ ಬಂದು ತಿರುವಿನ ಕಡೆ ನೋಡಿ ಒಳಗೆ ಹೋಗುತ್ತಾರೆ. ಮತ್ತೆ ಬರುತ್ತಾರೆ. ಐದೂಮುಕ್ಕಾಲಿಗೆ ಲೋಟಗಳನ್ನು ಕಪಾಟಿಗೆ ಎತ್ತಿಡಲು ಕೈ ಹಾಕುತ್ತಾರೆ.

ಆಗ ಎದುರಿನ ಟೀ ಅಂಗಡಿಯಲ್ಲಿ ಲೈಟು ಹತ್ತಿಕೊಳ್ಳುತ್ತದೆ. ಈಶ್ವರನ ಬೆಂಚಿನ ಮೇಲೆ ಐದು ಬೆನ್ನುಗಳು. ಐವರ ಕೈಯಲ್ಲೂ ಟೀ ಲೋಟ.

ಅನ್ನದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗಲ್ಲಿಗಿಳಿಯುತ್ತಾರೆ. “ಏನ್ರಿ ಡ್ರೈವರಣ್ಣ ಇದು?”

ನರಸಿಂಹಪ್ಪ ತಿರುಗುವುದೂ ಇಲ್ಲ. “ಕಾಫಿ ಔಷ್ದಿ ಅಲ್ಲ ಅಂತ ಡಾಕ್ಟ್ರಮ್ಮ ಯೋಳ್ಬುಟ್ರಲ್ಲ. ಅದಕ್ಕೆ ಟೀ ನೋಡಾನ ಅಂತ ಬಂದ್ವಿ.”

“ತಿಪ್ಪಮ್ಮಾ, ನೀನೂ ಏನವ್ವಾ?”

ತಿಪ್ಪಮ್ಮನಿಗೆ ನಗು ತಡೆಯಲಾಗಲಿಲ್ಲ. ಅವರ ಕೈಯ ಲೋಟ ಬೋರಲಾಯಿತು. ಒಂದು ಹನಿಯೂ ಚೆಲ್ಲಲಿಲ್ಲ, ಯಾಕೆಂದರೆ ಅದರಲ್ಲಿ ಏನೂ ಇರಲಿಲ್ಲ. ಐದೂ ಖಾಲಿ. ಈಶ್ವರ ಇನ್ನೂ ಒಲೆಯನ್ನೇ ಹಚ್ಚಿಲ್ಲ. ಹಿಂದಿನ ಸಂದಿಯಿಂದ ಸದ್ದಿಲ್ಲದೆ ಬಂದು ಮುಕ್ಕಾಲು ಗಂಟೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾರೆ ಐದೂ ಕಿಲಾಡಿಗಳು.

“ಔಷ್ದಿಗೋಸ್ಕರ ಐದು ಗಂಟೆಗೆ ಎದ್ದು ಬರಾಕೆ ನಮ್ಗೇನ್ ಹುಚ್ಚಾ ತಾಯಿ?” ಸೂರಪ್ಪ ತಮ್ಮ ಪಿಸುದನಿಯಲ್ಲಿ ಹೇಳುತ್ತಾರೆ. ಗಲ್ಲಿಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. “ಔಷ್ದಿ ಮನೇಲೇ ಐತೆ.”

ಅನ್ನದಾನಮ್ಮ ಬೈಯಲು ಬಾಯಿ ತೆರೆಯುತ್ತಾರೆ, ಆದರೆ ಕಣ್ಣು ನೆಲಕ್ಕೆ ಬೀಳುತ್ತದೆ. ಇಷ್ಟು ಹೊತ್ತು ಕತ್ತಲಲ್ಲಿ ಗಮನಿಸದಿದ್ದುದು ಈಗ ಟೀ ಅಂಗಡಿಯ ಬೆಳಕಿನಲ್ಲಿ ಕಾಣುತ್ತದೆ. ಟೀ ಅಂಗಡಿಯ ಬೆಂಚಿನಿಂದ ಅವರ ಕಾಫಿ ಅಂಗಡಿಯವರೆಗೆ, ಗಲ್ಲಿಯನ್ನು ಓರೆಯಾಗಿ ದಾಟಿ, ಬಿಳಿ ಬಣ್ಣದ ದಪ್ಪ ಗೆರೆಗಳು. ಹದಿನಾಲ್ಕು. ಒಂದೂ ನೆಟ್ಟಗಿಲ್ಲ. ಈಶ್ವರನ ಎರಡೂ ಕೈ ಮೊಣಕೈವರೆಗೆ ಬೆಳ್ಳಗಿವೆ. “ನಿನ್ನೆ ನೀನು ಗೆರೆ ಬಗ್ಗೆ ಯೋಳಿದ್ದು ನಮ್ಮಂಗಡಿಗೂ ಕೇಳಿಸ್ತು. ನೀನು ಒಳಗ್ ಡಿಕಾಕ್ಷನ್ ಇಳಿಸ್ತಿದ್ದಾಗ ಮುಗಿಸ್ದೆ ಕಣಕ್ಕ. ಪೇಂಟು. ಆಟೋ ಅಲ್ಲ, ಲಾರಿ ಓದ್ರೂ ಅಳ್ಸ್‌ಕಂಡ್ ಓಗಲ್ಲ. ಮುಟ್ಬೇಡಿ, ಬೆಳಗ್ಗೆ ಮೂರಕ್ಕೇ ಶುರು ಮಾಡಿದ್ದು, ಆ ಕೊನೇದೆಲ್ಡು ಇನ್ನೂ ಹಸಿ.”

ನರಸಿಂಹಪ್ಪ ಎದ್ದು ನಿಂತರು. ಕಾಲು ಒಂದು ಕ್ಷಣ ನೆಲಕ್ಕಂಟಿತು. “ರೈಟ್, ರೈಟ್” ಎಂದು ಈ ಸಲ ನಾಲ್ಕು ಜನ ಕೂಗಿದರು. ಮೊದಲ ಗೆರೆ ದಾಟಿತು. ಅವರ ಹಿಂದೆ ತಿಪ್ಪಮ್ಮ, ತಿಪ್ಪಮ್ಮನ ಹಿಂದೆ ಸೂರಪ್ಪ, ಆಮೇಲೆ ಹೆಸರು ಬೇಡವೆಂದವರಿಬ್ಬರು. ಗಲ್ಲಿಗೆ ಬಂದ ಆಟೋವೊಂದು ಹಾರ್ನ್ ಮಾಡದೆ ನಿಂತಿತು.

ಅನ್ನದಾನಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಬಗ್ಗಿ, ಎರಡು ಗೆರೆಯ ನಡುವೆ ಗೇಣು ಹಾಕಿ ಅಳೆದು ನೋಡಿದರು. “ಎರಡು ಗೇಣಿಗೆ ನಾಕು ಬೆರಳು ಜಾಸ್ತಿ ಆಗೈತಿ ಈಶ್ವರಾ. ನಾಳೆ ನಾನೇ ನಿಂತು ಹಾಕಸ್ತೀನಿ” ಎಂದರು. ಆಮೇಲೆ ಅಂಗಡಿಯ ಕಡೆ ನಡೆಯುತ್ತಾ, ತಿರುಗಿ ನೋಡದೆಯೇ ಕೂಗಿದರು:

“ಲಗೂನ ಬರ್ರಿ, ಕಾಫಿ ಆರ್ತೈತಿ. ಈಶ್ವರಾ, ನೀನೂ ಬಾ. ಲೋಟ ಆರು ಇಡ್ತೀನಿ.”